ಗಾಡಿ ಜಾಡಿನ ಅಗಲ

ಅಗಲದ ಆಕ್ಸಲ್, ಅಂದರೆ ಚಕ್ರದ ಅಚ್ಚು, ಹಾಕಿದರೆ ಇದು ಚಿತ್ರದಲ್ಲಿರುವ ಆ ಕಾರೇ ಆಗುವುದಿಲ್ಲವಲ್ಲ? ಹಾಕದಿದ್ದರೆ ಹೆಂಡತಿ ತವರೂರು ಮುಟ್ಟುವುದು ಹೇಗೆ?

ಹೈಸ್ಕೂಲಿನ ವಿಜ್ಞಾನದ ಮೇಷ್ಟರು ಕೃಷ್ಣಸ್ವಾಮಿ, ಕಡೂರಿನ ಈರಭದ್ರಪ್ಪನ ವರ್ಕ್‌ಶಾಪಿನಲ್ಲಿ ಎರಡು ಜೊತೆ ಆಕ್ಸಲ್‌ಗಳ ನಡುವೆ ಕುಕ್ಕರಗಾಲಲ್ಲಿ ಕೂತಿದ್ದ. ಇಂಗ್ಲಿಷ್ ಪತ್ರಿಕೆಯ ಚಿತ್ರವೊಂದನ್ನು ಗೋಡೆಗೆ ಅಂಟಿಸಿಕೊಂಡು, ಅದರಂತೆಯೇ ಎರಡು ಸೀಟಿನ ರೇಸಿನ ಕಾರೊಂದನ್ನು ಅವರಿಬ್ಬರೂ ತಗಡು ಬಡಿದು ಕಟ್ಟುತ್ತಿದ್ದರು. ಅರವತ್ತೆರಡನೆಯ ಇಸವಿ. ಕಾರಿನ ಮೈ ಮುಗಿದಿತ್ತು, ಕಾಲು, ಅಂದರೆ ಆಕ್ಸಲ್ಲು ಚಕ್ರ, ಉಳಿದಿತ್ತು.

ಒಂದು ಜೊತೆ ಪುಟ್ಟ ಇಂಗ್ಲಿಷ್ ಕಾರಿನದು: ಕಿರಿದು, ಕಡ್ಡಿಗಳ ಚಕ್ರ, ಓಟದ ಗೇರು. ತರೀಕೆರೆಯ ಡಾಂಬರು ರಸ್ತೆಯಲ್ಲಿ ಗಂಟೆಗೆ ಅರವತ್ತು ಮೈಲಿ ಸಲೀಸು. ಇನ್ನೊಂದು ಹಳೆಯ ಅಮೆರಿಕನ್ ಕಾರಿನದು. ಅಗಲ, ದೊಡ್ಡ ಚಕ್ರ, ವೇಗವಿಲ್ಲದ ಆದರೆ ಎಳೆಯುವ ಗೇರು. ನಲವತ್ತು ದಾಟದು.

ಅಜ್ಜಂಪುರ ಕಳೆದರೆ ಬುಕ್ಕಾಂಬುಧಿಯವರೆಗೆ ಎರೆಮಣ್ಣಿನಲ್ಲಿ ಎತ್ತಿನ ಗಾಡಿಗಳು ಕೊರೆದ ಆಳವಾದ ಜಾಡು. ಎರಡೂ ಕಡೆಯ ಚಕ್ರ ಅದರೊಳಗೆ ಕೂರದಿದ್ದರೆ ಕಾರು ಓರೆಯಾಗಿ ತಳ ಊರಿ ನಿಲ್ಲುತ್ತಿತ್ತು. ಹೆಂಡತಿ ಅಲಮೇಲುವಿನ ತವರು ಅಲ್ಲಿ. ಗಾಡಿ ಕುಲುಕಿದರೆ ಅವಳಿಗೆ ವಾಂತಿ. ಎರಡು ವರ್ಷದಿಂದ ತಾಯಿಯ ಮುಖ ನೋಡಿರಲಿಲ್ಲ. ಕರೆದುಕೊಂಡು ಹೋಗಿ ಎಂದು ಕೇಳಿಯೂ ಇರಲಿಲ್ಲ. ತವರಿನ ಕಡೆಯವರು ಬಂದು ಹೊರಟ ಮೇಲೆ ಬಾಗಿಲಲ್ಲೇ ಸ್ವಲ್ಪ ಹೊತ್ತು ನಿಲ್ಲುತ್ತಿದ್ದಳು, ಅಷ್ಟೆ.

ಅವನು ಬೀದಿಯಲ್ಲಿ ನಿಂತಿದ್ದ ಗಾಡಿಯೊಂದರ ಚಕ್ರದಿಂದ ಚಕ್ರಕ್ಕೆ ಹಗ್ಗ ಹಿಡಿದು ಅಳೆದು ಬಂದ. ಅಗಲದ ಆಕ್ಸಲ್ಲಿಗೂ ಅದಕ್ಕೂ ಬೆರಳಗಲದ ವ್ಯತ್ಯಾಸವೂ ಇರಲಿಲ್ಲ.

“ಇದನ್ನೇ ಹಾಕೋಣ.”

“ತಲೆ ಕೆಟ್ಟೈತಾ ಮೇಷ್ಟ್ರೇ? ಚಿಗರೆ ಮೈಗೆ ಎಮ್ಮೆ ಕಾಲು ಕಣ್ರೀ,” ಎಂದ ಈರಭದ್ರಪ್ಪ. “ಆ ಚಿಕ್ಕದಕ್ಕೆ ಏನಾಗೈತೆ?”

ಕೃಷ್ಣಸ್ವಾಮಿ ಹಗ್ಗವನ್ನು ಅಗಲದ ಆಕ್ಸಲ್ಲಿಗೆ ಹಿಡಿದು ತೋರಿಸಿದ. ಈರಭದ್ರಪ್ಪ ಅವನ ಕೈಯಲ್ಲಿದ್ದ ಹಗ್ಗವನ್ನೊಮ್ಮೆ ನೋಡಿ, ಗೊಣಗುತ್ತಲೇ ಸ್ಪ್ಯಾನರ್ ಎತ್ತಿಕೊಂಡ.

ಸುಗ್ಗಿ ಮುಗಿದ ಮೇಲೆ ಗಂಡಹೆಂಡಿರು ಹೊರಟರು. ಅಜ್ಜಂಪುರದಾಚೆ ಚಕ್ರಗಳು ಜಾಡಿಗಿಳಿದು, ಹಳಿಯ ಮೇಲಿನ ರೈಲಿನಂತೆ ಕಾರು ತಾನೇ ಸಾಗಿತು. ಅಷ್ಟರಲ್ಲಿ ಎದುರಿಗೆ ಹುಲ್ಲು ಹೇರಿದ ಗಾಡಿ. ಹೊಡೆಯುತ್ತಿದ್ದ ಮುದುಕ ಹೊನ್ನಯ್ಯ ಎತ್ತು ನಿಲ್ಲಿಸಿ ಹಾಯಾಗಿ ಕೂತ.

“ಹೊರೆ ಇರೋ ಗಾಡಿ ಜಾಡು ಬಿಡಾಕಿಲ್ಲ ಬುದ್ಧಿ. ನೀವೇ ಮ್ಯಾಕೆ ಹತ್ತಿಸ್ಕಳಿ. ಹತ್ತದಿದ್ರೆ ನನ್ನೆತ್ತು ಅವೆ, ಕಟ್ಟಾನ.”

ಅಲಮೇಲು ಗಂಡನ ಮುಖ ನೋಡಿದಳು. ಇಲ್ಲಿ ಸಿಕ್ಕಿಕೊಂಡರೆ ಅವಳು ಇನ್ನೊಮ್ಮೆ ಹೊರಡುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಮೊದಲ ಗೇರಿಗೆ ಹಾಕಿ, ಸ್ಟಿಯರಿಂಗ್ ತಿರುಗಿಸಿ, ನಿಧಾನವಾಗಿ ಕ್ಲಚ್ ಬಿಟ್ಟ. ಕಾರು ನಡುಗಿತು, ನರಳಿತು. ಆಮೇಲೆ ದೊಡ್ಡ ಚಕ್ರಗಳು ಜಾಡಿನ ಅಂಚನ್ನು ಕಚ್ಚಿ ಹೊಲದ ಬದಿಗೆ ಹತ್ತಿದವು.

“ಪರ್ವಾಗಿಲ್ಲ ಬುದ್ಧಿ ನಿಮ್ ಕಾರು,” ಎನ್ನುತ್ತ ಹೊನ್ನಯ್ಯ ದಾಟಿಹೋದ.

ಬುಕ್ಕಾಂಬುಧಿಯ ಕೆರೆಯ ಏರಿ ಕಂಡಾಗ ಅಲಮೇಲು ನಕ್ಕಳು. “ವಾಂತೀನೇ ಬರಲಿಲ್ಲ ನೋಡಿ. ಆದ್ರೂ ರೇಸಿನ ಕಾರು ಅಂತ ವರ್ಷವೆಲ್ಲಾ ತಗಡು ಬಡಿದ್ರಲ್ಲ, ಇದಕ್ಕಿಂತ ಜೋರಾಗಿ ಹೋಗೋದೇ ಇಲ್ವಾ ಇದು?”

“ಇದು ಇಷ್ಟೇ.”

“ಹೋಗ್ಲಿ ಬಿಡಿ, ನನಗೆ ಸಾಕು.”

ಅವಳ ಊರಿನ ದಾರಿಗಾಗಿಯೇ ಕಾರು ನಿಧಾನವಾಯಿತೆಂದು ಕೃಷ್ಣಸ್ವಾಮಿ ಅಲಮೇಲುವಿಗೆ ಎಂದೂ ಹೇಳಲಿಲ್ಲ.