ಬೇಲಿಯನ್ನೂ ಬರೀರಿ

"ಇದ್ರಲ್ಲಿ ಒಂದಕ್ಷರ ಸುಳ್ಳಿದ್ರೂ ನನ್ ಮೀಸೆ ಬೋಳಿಸ್ಕೋತೀನಿ. ಬರ್ಕೊಳ್ಳಮ್ಮ," ಎಂದ ಸಂಜೀವಪ್ಪ. ಅವನಿಗೆ ಮೀಸೆ ಇರಲಿಲ್ಲ.

ಶಶಿರೇಖಾ ಪೆನ್ನಿನ ಮುಚ್ಚಳ ತೆಗೆದಳು. 'ನೆರೆಹೊರೆ' ಸಂಘಕ್ಕೆ ಹತ್ತು ವರ್ಷ ತುಂಬುತ್ತಿತ್ತು. ಅದು ಬೆಳೆದು ಬಂದ ಕಥೆಯನ್ನು ಪುಸ್ತಕ ಮಾಡಲು ಹೊಸಕೋಟೆ ಆಫೀಸಿನವರು ಅವಳನ್ನು ನಂದಗುಡಿ ಪಕ್ಕದ ಈ ಊರಿಗೆ ಕಳಿಸಿದ್ದರು. ಅವಳೂ ಆ ಊರಿನವನೇ ಆದ ಸಂಜೀವಪ್ಪನೂ ಕೂತಿದ್ದ ಹಾಲಿನ ಡೈರಿ ಜಗಲಿಯ ಇನ್ನೊಂದು ತುದಿಯಲ್ಲಿ ಊರಿನ ದೊಡ್ಡ ಜಮೀನಿನವರಾದ ಆವಲಪ್ಪನವರು ಕೂತಿದ್ದರು. ಇವತ್ತು ಹೇಳುತ್ತಿದ್ದ ಕಥೆ ಅವರದೇ ಆದ್ದರಿಂದ ಎದ್ದು ಹೋಗುವುದು ಚೆನ್ನಾಗಿರುವುದಿಲ್ಲ ಎಂದುಕೊಂಡಿದ್ದರು.

ಎಂಬತ್ತೊಂಬತ್ತನೇ ಇಸವಿಯಲ್ಲಿ ಅವರು ಕೆಳಗಿನ ಕೇರಿಯವರು ಬೋರ್‌ವೆಲ್ಲಿಗೆ ಓಡಾಡುತ್ತಿದ್ದ ಕಾಲುದಾರಿಗೆ ಜಾಲಿಮುಳ್ಳು ಅಡ್ಡ ಹಾಕಿಸಿದ್ದರು. ಮುಟ್ಟಿದವರ ಮೇಲೆ ಕೇಸು ಎಂದೂ ಸಾರಿದ್ದರು. ಆ ಕೇರಿಯ ಅಂಜಿನಮ್ಮ ದಿನಕ್ಕೆ ಎಂಟು ಬಿಂದಿಗೆ ಹೊರುವವಳು. ಈಗ ಒಂದೊಂದು ಬಿಂದಿಗೆಗೂ ಕೆರೆ ಬಳಸಿಕೊಂಡು ಬರಬೇಕಾಯಿತು.

"ಮೂರು ಮೈಲಿ ಸುತ್ತು," ಎಂದ ಸಂಜೀವಪ್ಪ.

"ಒಂದೂವರೆ," ಎಂದರು ಆವಲಪ್ಪನವರು.

ಆಗ ಸಂಘದವರು ಬಂದರು. ಭಾಷಣ ಮಾಡಲಿಲ್ಲ. ಸ್ಕೂಲಿನ ಅಂಗಳ ಸಾರಿಸಿ, ಹೆಂಗಸರ ಕೈಗೆ ರಂಗೋಲಿ ಪುಡಿ ಕೊಟ್ಟು, ನಿಮ್ಮೂರನ್ನು ನೀವೇ ಬರೆಯಿರಿ ಎಂದರು. ಯಾವ ಊರಿಗೆ ಹೋದರೂ ಅವರ ಕೆಲಸ ಶುರುವಾಗುತ್ತಿದ್ದುದು ಹೀಗೆಯೇ. ನೋಡಲು ತಾಲ್ಲೂಕು ಆಫೀಸಿನ ಸರ್ವೆಯರೂ ಬಂದು ಕುರ್ಚಿಯಲ್ಲಿ ಕೂತಿದ್ದ.

ಆವಲಪ್ಪನವರು ಅಂಗಳದ ನಟ್ಟನಡುವೆ ನಿಂತು ಉಸ್ತುವಾರಿ ವಹಿಸಿಕೊಂಡರು. "ನಮ್ಮನೆ ಇಲ್ಲೇ ಬರೀರಿ, ದೊಡ್ಡದಾಗಿ. ಬೇಲಿನೂ ಬರೀರಿ. ಬೇಲಿ ಬಿಟ್ರೆ ನಕ್ಷೆ ಸುಳ್ಳಾಗ್ತದೆ."

ಬರೆದರು. ಅವರ ಕಾಲಿನ ಸುತ್ತ ಮನೆ ಎದ್ದಿತು, ಅದರಾಚೆ ಹೊಲ, ತೋಪು, ಕೇರಿಗಳು. ಬಾವಿಯ ಜಾಗಕ್ಕೆಲ್ಲ ಗಂಗಮ್ಮನೆಂದು ಅರಿಶಿನ ಕುಂಕುಮ ಇಟ್ಟರು. ಐವತ್ತು ಹೆಂಗಸರ ಕೈಯಲ್ಲಿ ಅಂಗಳ ತುಂಬಿಹೋಯಿತು.

"ಬೆಂಗಳೂರಿಗೆ ಜಾಗ ಸಾಲ್ದೆ ಸ್ಕೂಲ್ ಗೋಡೆ ಮೇಲೆ ಬರುದ್ರು," ಎಂದ ಸಂಜೀವಪ್ಪ. ಶಶಿರೇಖಾ ಅದನ್ನು ಬರೆದುಕೊಳ್ಳಲಿಲ್ಲ.

ಅಷ್ಟರಲ್ಲಿ ಟೀ ಬಂತು. ಆವಲಪ್ಪನವರು ಹೊರಡಲು ಕಾಲೆತ್ತಿದರು. ಇಡಲು ಜಾಗವಿಲ್ಲ. ಕುಂಕುಮವಿಟ್ಟ ರಂಗೋಲಿಯನ್ನು ತುಳಿಯುವುದು ಹೇಗೆ? ಎತ್ತಿದ ಕಾಲನ್ನು ಇದ್ದಲ್ಲೇ ಇಳಿಸಿದರು.

"ಅಂಜಿನಮ್ಮ, ಒಸಿ ದಾರಿ ಬಿಡಮ್ಮ."

"ದಾರಿ ಐತಲ್ಲ ಸ್ವಾಮಿ," ಎಂದಳು ಅಂಜಿನಮ್ಮ. ಮನೆಯ ಪಕ್ಕದಿಂದ ಅಂಗಳದ ಅಂಚಿನವರೆಗೂ ಬೆರಳಗಲದ ಎರಡು ಗೆರೆಗಳ ನಡುವೆ ಒಂದು ಪಾದ ಹಿಡಿಯುವಷ್ಟು ಬರಿ ನೆಲ ಉಳಿದಿತ್ತು. ಅದೇ ಕಾಲುದಾರಿ. "ಮಧ್ಯದಲ್ಲಿ ನಿಮ್ಮ ಬೇಲಿ ಅಡ್ಡ ಐತೆ, ಅಷ್ಟೇಯ."

"ಅದನ್ನ ಒಸಿ ಅಳಿಸು ಮತ್ತೆ."

"ನಾವು ಮುಟ್ಟುದ್ರೆ ಕೇಸಾಗ್ತದಂತೆ."

ಮೊದಲು ನಕ್ಕವನು ಸರ್ವೆಯರು. ಆಮೇಲೆ ಅಂಗಳವೇ ನಕ್ಕಿತು. ಟೀ ಆರುತ್ತಿತ್ತು. ಆವಲಪ್ಪನವರು ಪಂಚೆ ಎತ್ತಿ ಕಟ್ಟಿ, ಕುಕ್ಕರಗಾಲಲ್ಲಿ ಕೂತು, ಬೇಲಿಯನ್ನು ಅಂಗೈಯಿಂದ ಒರೆಸಿದರು. ದಾರಿ ಹಿಡಿದು ಆಚೆ ಬಂದಾಗ ಅಂಜಿನಮ್ಮನೇ ಲೋಟ ಮುಂದೆ ಹಿಡಿದಳು. ಕೆಳಗಿನ ಕೇರಿಯವರ ಕೈಯಿಂದ ಅವರು ಅದುವರೆಗೆ ಏನನ್ನೂ ತೆಗೆದುಕೊಂಡವರಲ್ಲ. ಒಂದು ಗಳಿಗೆ ನೋಡಿದರು. ಈಸಿಕೊಂಡು ಕುಡಿದರು. ಮಾರನೆಯ ದಿನ ಜಾಲಿಮುಳ್ಳು ಅವರ ಮನೆಯ ನೀರೊಲೆಗೆ ಹೋಯಿತು.

"ಎಷ್ಟೊತ್ತು ನಿಂತಿದ್ರಿ ಆವಲಪ್ಪೋರೇ?" ಎಂದು ಕೇಳಿದಳು ಶಶಿರೇಖಾ.

"ಒಂದರ್ಧ ಗಂಟೆ."

"ಮೂರು ದಿನ," ಎಂದ ಸಂಜೀವಪ್ಪ, ಮುಖದಲ್ಲಿ ಒಂದು ಗೆರೆಯೂ ಅಲುಗದೆ. "ಮುದ್ದೆನ ದೂರದಿಂದ ಎಸೀತಿದ್ವಿ, ಇವರು ಕ್ಯಾಚ್ ಹಿಡೀತಿದ್ರು. ಸಾರು ಎಸಿಯೋದೇ ಕಷ್ಟ ಆಗಿದ್ದು. ಎರಡ್ನೇ ದಿನಕ್ಕೆ ತಲೆ ಮೇಲೆ ಕಾಗೆ ಗೂಡು ಕಟ್ತು. ಮೂರ್ನೇ ದಿನ ಇವರ ಹೆಂಡ್ತಿ ಬಂದು, ಸ್ಕೂಲ್ ಗೇಟಿಂದ್ಲೇ ಕೂಗಿ, ನೀವು ಬರೋದಾದ್ರೆ ಬನ್ನಿ, ಇಲ್ದಿದ್ರೆ ನಾನು..."

ಆವಲಪ್ಪನವರು ಎದ್ದರು. ನಗು ತಡೆಯಲು ಟವೆಲಿನಿಂದ ಬಾಯಿ ಒರೆಸಿಕೊಳ್ಳುತ್ತ, ಡೈರಿಯ ಪಕ್ಕದ ಅದೇ ಕಾಲುದಾರಿಗೆ ಇಳಿದು ಹೊರಟೇಬಿಟ್ಟರು. ಎದುರಿಗೆ ಬಿಂದಿಗೆ ಹೊತ್ತ ಇಬ್ಬರು ಹೆಂಗಸರು ಏನೋ ಮಾತಾಡಿಕೊಂಡು ಬರುತ್ತಿದ್ದರು. ದಾರಿ ಇಕ್ಕಟ್ಟು. ಆವಲಪ್ಪನವರು ಪಕ್ಕದ ರಾಗಿ ಹೊಲಕ್ಕೆ ಇಳಿದು ನಿಂತರು. ಹೆಂಗಸರು ಮಾತು ನಿಲ್ಲಿಸದೆ ದಾಟಿಹೋದರು.