ನೀನು ಬಿಡು

ದರ್ಜಿಯ ಬಾಯಲ್ಲಿ ಗುಂಡುಪಿನ್ನು ಇದ್ದಾಗ ಅವನನ್ನು ಮಾತಾಡಿಸಬಾರದು ಎಂಬುದು ಮನೆಯವರಿಗೆಲ್ಲ ಗೊತ್ತಿದ್ದ ಸಂಗತಿ. ತುಟಿಯಂಚಿನಲ್ಲಿ ಪಿನ್ನು ಕಚ್ಚಿಕೊಂಡು ಅವನು ಆಡುತ್ತಿದ್ದುದು ಒಂದು ಮಾತು, ಹೆಚ್ಚೆಂದರೆ ಎರಡು. ಉಳಿದದ್ದನ್ನು ಕೇಳಿದವರೇ ತುಂಬಿಕೊಳ್ಳಬೇಕು. ಹೆಂಡತಿ ತುಂಬಿಕೊಳ್ಳುತ್ತಿದ್ದಳು, ಬೇಕಾದ್ದಕ್ಕಿಂತ ಜಾಸ್ತಿಯೇ.

ತಮ್ಮ ಅವನ ಪಕ್ಕದಲ್ಲೇ ಕೂತು ಹೊಲಿಗೆ ಕಲಿತವನು. ಅಪ್ಪ ಸತ್ತ ಮೇಲೆ ಅಣ್ಣನೇ ಸಾಕಿ ಬೆಳೆಸಿ, ಮದುವೆ ಮಾಡಿ ಬೇರೆ ಮನೆ ಹೂಡಿಕೊಟ್ಟಿದ್ದ. ಗುಂಡಿ, ಕಾಜ, ತೋಳು ಎಲ್ಲ ತಮ್ಮನದೇ. ಅಪ್ಪನ ಕಾಲದ ದೊಡ್ಡ ಕತ್ತರಿಯನ್ನು ಮಾತ್ರ ಅಣ್ಣ ಮುಟ್ಟಗೊಡುತ್ತಿರಲಿಲ್ಲ. ಬಟ್ಟೆ ಕತ್ತರಿಸುವವನೇ ದರ್ಜಿ, ಮಿಕ್ಕವರು ಬರೀ ಹೊಲಿಯುವವರು ಎಂಬುದು ಆ ಅಂಗಡಿಯ ಕಟ್ಟಳೆ. ಈಚೆಗೆ ಅಣ್ಣನ ಕೈ ನಡುಗುತ್ತಿತ್ತು. ಯಾರಿಗೂ ಹೇಳಿರಲಿಲ್ಲ. ತಮ್ಮ ಕತ್ತರಿ ಹಿಡಿಯದಿದ್ದರೆ ಅಂಗಡಿಗೆ ಬೀಗವೇ ಗತಿ ಎಂದು ಅವನಿಗೆ ಗೊತ್ತಿತ್ತು.

ಒಂದು ಮಧ್ಯಾಹ್ನ ಅಣ್ಣ ಗಿರಾಕಿಯೊಬ್ಬರ ಅಂಗಿಗೆ ಪಿನ್ನು ಚುಚ್ಚುತ್ತಿದ್ದಾಗ, ತಮ್ಮ ಧೈರ್ಯ ಮಾಡಿ ಹಿಂದಿನ ಮೇಜಿನ ಮೇಲೆ ವಕೀಲರ ಕೋಟಿನ ಬಟ್ಟೆಯನ್ನು ತಾನೇ ಕತ್ತರಿಸಿಬಿಟ್ಟ. ಅಣ್ಣ ತಿರುಗಿ ನೋಡಿದ. ಭುಜದ ಇಳಿಜಾರು, ಕೊರಳಿನ ಬಾಗು, ಎಲ್ಲ ಥೇಟ್ ಅಪ್ಪನ ಕೈಕೆಲಸ. ಎದೆ ತುಂಬಿ ಬಂತು. ನೀನು ಬಿಡು, ನನ್ನನ್ನೇ ಮೀರಿಸಿದೆ ಎನ್ನಲು ಹೋದ. ಪಿನ್ನುಗಳ ನಡುವಿನಿಂದ ಹೊರಬಿದ್ದದ್ದು ಅರ್ಧವೇ.

"ನೀನು ಬಿಡು."

ಒದ್ದೆಯಾದ ಕಣ್ಣು ಕಾಣಬಾರದೆಂದು ಮುಖ ತಿರುಗಿಸಿದ. ಕತ್ತರಿಗೆ ಸಾಣೆ ಹಿಡಿಸಿ ನಾಳೆ ಅವನಿಗೇ ಕೊಡೋಣವೆಂದು, ಅದನ್ನು ತಮ್ಮನ ಕೈಯಿಂದ ತೆಗೆದುಕೊಂಡು ಹೊರಟೇಬಿಟ್ಟ. ಎಂಥ ಜಾಣ! ಪಿನ್ನು ಉಗುಳಿ ನಾಲ್ಕು ಮಾತು ಆಡಿದ್ದರೆ ಅವನ ಗಂಟೇನು ಹೋಗುತ್ತಿತ್ತು?

ಮರುದಿನ ತಮ್ಮ ಅಂಗಡಿಗೆ ಬರಲಿಲ್ಲ. ಅದರ ಮರುದಿನವೂ ಇಲ್ಲ. ಹೊಗಳಿದ್ದೇ ತಡ, ಕೊಂಬು ಬಂತು ಎಂದು ಅಣ್ಣ ಹೆಂಡತಿಯ ಮುಂದೆ ಹರಿಹಾಯ್ದ. ಹೋಗಿ ಕೇಳಿ ಬನ್ನಿ ಎಂದಳು ಅವಳು. ಬೇಕಾದರೆ ಅವನೇ ಬರಲಿ ಎಂದು ಕೂತ. ತಮ್ಮ ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಗುಂಡಿ ಹಾಕುವ ಕೆಲಸಕ್ಕೆ ಸೇರಿದನೆಂದು ತಿಳಿದಾಗ ಸಿಟ್ಟು ಇನ್ನೂ ಏರಿತು. ಸಾಣೆ ಹಿಡಿದ ಕತ್ತರಿ ಬಟ್ಟೆಯೊಳಗೆ ಸುತ್ತಿದಂತೆಯೇ ಮೂಲೆಯಲ್ಲಿ ಬಿದ್ದಿತ್ತು.

ವರ್ಷ ಕಳೆದ ಮೇಲೆ ತಮ್ಮನ ಹೆಂಡತಿ ಅಂಗಡಿಗೆ ಬಂದಳು. ಗಂಡನ ಹಳೆಯ ಅಳತೆ ಟೇಪು ಒಯ್ಯಬೇಕಿತ್ತು. ಅವನೇ ಬರಬಹುದಿತ್ತಲ್ಲ ಎಂದು ಅಣ್ಣ ಚುಚ್ಚಿದ. ಅವಳು ಸುಮ್ಮನಿರಲಿಲ್ಲ.

"ಗಿರಾಕಿ ಎದುರಿಗೇ ಕತ್ತರಿ ಬಿಡು ಅಂತ ಕಿತ್ಕೊಂಡ್ರಂತಲ್ಲ ಭಾವ. ಮುಖಾನೂ ನೋಡ್ಲಿಲ್ವಂತೆ. ಅವರು ಆವತ್ತಿಂದ ಕತ್ತರಿ ಮುಟ್ಟಿಲ್ಲ."

ಅಣ್ಣ ಮೂಲೆಯಲ್ಲಿದ್ದ ಕತ್ತರಿಯ ಬಟ್ಟೆ ಬಿಚ್ಚಿದ. ಆ ಸಂಜೆಯೇ ಕತ್ತರಿ ಹಿಡಿದು ಫ್ಯಾಕ್ಟರಿಯ ಗೇಟಿನ ಎದುರು ನಿಂತ. ತಮ್ಮ ಹೊರಗೆ ಬಂದ, ಸೊರಗಿ ಹೋಗಿದ್ದ. ಅಣ್ಣನ ಬಾಯಲ್ಲಿ ಒಂದು ಪಿನ್ನೂ ಇರಲಿಲ್ಲ, ಆದರೂ ಮಾತು ತೊಡರಿತು.

"ನಾನು ಹೊಗಳಿದ್ದು ಕಣೋ. ಇದು ನಿಂದೇ ಅಂತ ಸಾಣೆಗೆ ಒಯ್ದೆ."

ತಮ್ಮ ಕತ್ತರಿಯನ್ನು ತೆಗೆದುಕೊಳ್ಳಲಿಲ್ಲ. ಅದನ್ನು ಹಿಡಿದ ನಡುಗುವ ಕೈಯನ್ನು ಬಹಳ ಹೊತ್ತು ನೋಡಿದ. ಅಷ್ಟರಲ್ಲಿ ಬಸ್ಸು ಬಂತು.

"ನೀನು ಬಿಡಣ್ಣ" ಎಂದು ಹತ್ತಿ ಹೋದ.

ಹೋಗಲಿ ಬಿಡು ಎಂದನೋ, ನನ್ನ ಪಾಡಿಗೆ ನನ್ನನ್ನು ಬಿಡು ಎಂದನೋ ಅಣ್ಣನಿಗೆ ತಿಳಿಯಲಿಲ್ಲ. ಕೇಳೋಣವೆಂದು ಬಾಯಿ ತೆರೆಯುವಷ್ಟರಲ್ಲಿ ಬಸ್ಸು ತಿರುವು ದಾಟಿತ್ತು.