ನಲವತ್ತೆರಡು ಲಭ್ಯವಿವೆ

ಮೈಕಿನ ಕೊರಳಿನಲ್ಲಿ ಕೆಂಪು ದೀಪ ಹತ್ತುತ್ತದೆ, ಆರುತ್ತದೆ, ಎರಡು ಸಾಲು ಆಚೆ ಇನ್ನೊಂದು ಹತ್ತುತ್ತದೆ, ಯಾರೋ ಕೆಮ್ಮಿದರು, ಆ ಕೆಮ್ಮೂ ದೊಡ್ಡದಾಗಿ ಇಡೀ ಸದನಕ್ಕೆ ಕೇಳಿತು — ಐದನೆಯ ಪ್ರಶ್ನೆ ನಡೆಯುತ್ತಿದೆ, ಶಾಲೆಗಳ ಸೋರುವ ಸೂರು, ಇವಳದ್ದು ಏಳನೆಯದು, ಇವಳದ್ದೆಲ್ಲಿ ಬಂತು, ಪ್ರಶ್ನೆ ಶಾಸಕರದ್ದು, ಉತ್ತರ ಸಚಿವರದ್ದು, ಇವಳದ್ದು ಬರೀ ಅಕ್ಷರ, ಆರೋಗ್ಯ ಇಲಾಖೆಯ ಶಾಖಾಧಿಕಾರಿ ಎಂದರೆ ಅಷ್ಟೇ, ಬೇರೆಯವರ ಬಾಯಿಗೆ ತಕ್ಕ ಹಾಗೆ ಮಾತು ಬರೆದುಕೊಡುವುದು, ಬರೆದು ಅಧಿಕಾರಿಗಳ ಗ್ಯಾಲರಿಯಲ್ಲಿ ಮೊಣಕಾಲ ಮೇಲೆ ಫೈಲು ಇಟ್ಟುಕೊಂಡು ಬಾಯಿ ಮುಚ್ಚಿ ಕೂರುವುದು. ಗೋಡೆಯ ಗಡಿಯಾರದಲ್ಲಿ ಹನ್ನೊಂದೂ ಮುಕ್ಕಾಲು. ಹನ್ನೆರಡಕ್ಕೆ ಪ್ರಶ್ನೋತ್ತರ ಮುಗಿಯುತ್ತದೆ, ಅಷ್ಟರೊಳಗೆ ಏಳನೆಯದರ ಸರದಿ ಬಾರದಿದ್ದರೆ ಉತ್ತರವನ್ನು ಮೇಜಿನ ಮೇಲೆ ಇಟ್ಟಂತೆ, ಅಲ್ಲಿಗೆ ಮುಗಿಯಿತು, ಯಾರೂ ಎದ್ದು ಅದರ ಮೇಲೆ ಇನ್ನೊಂದು ಮಾತು ಕೇಳುವ ಹಾಗಿಲ್ಲ — ಸೋರಲಿ, ಶಾಲೆ ಇನ್ನೂ ಸ್ವಲ್ಪ ಹೊತ್ತು ಸೋರಲಿ, ಛೀ, ಎಂಥಾ ಯೋಚನೆ, ಮಕ್ಕಳ ತಲೆ ಮೇಲೆ ನೀರು ಬೀಳಲಿ ಅಂತ ಬಯಸುವ ಮಟ್ಟಕ್ಕೆ ಬಂದಳಲ್ಲ. ಪಕ್ಕದಲ್ಲಿ ನಿರ್ದೇಶಕರು ಕಾಲ ಮೇಲೆ ಕಾಲು ಹಾಕಿ ಕೂತಿದ್ದಾರೆ, ಪಾದ ಅಲ್ಲಾಡುತ್ತಿದೆ, ಅಲ್ಲಾಡುವುದು ನಿಲ್ಲುತ್ತಿಲ್ಲ. ಬರಲ್ಲ ಬಿಡ್ರೀ, ಟೈಮ್ ಆಯ್ತು ಅಂದರು ಮೆಲ್ಲಗೆ, ಅವಳಿಗೆ ಅಂದರೋ ತಮಗೇ ಅಂದುಕೊಂಡರೋ. ಫೈಲಿನ ಒಳಗೆ ಅವಳ ಮೊದಲ ಕರಡು ಹಾಗೇ ಇದೆ, ಜಿಲ್ಲೆಯ ಒಟ್ಟು ಆಂಬುಲೆನ್ಸ್ ನಲವತ್ತೆರಡು, ಸಂಚಾರದಲ್ಲಿರುವುದು ಹತ್ತೊಂಬತ್ತು, ದುರಸ್ತಿಗೆ ಕಾದು ನಿಂತಿರುವುದು ಇಪ್ಪತ್ತಮೂರು, ಅದರ ಮೇಲೆ ನಿರ್ದೇಶಕರ ಹಸಿರು ಶಾಯಿಯ ಅಡ್ಡಗೆರೆ, ಗೆರೆಯ ಕೆಳಗೆ ಅವರದೇ ದುಂಡು ಅಕ್ಷರ: ನಲವತ್ತೆರಡು ಆಂಬುಲೆನ್ಸುಗಳು ಲಭ್ಯವಿವೆ. ಅವತ್ತು ಅವಳು ಸರ್ ಎಂದು ಬಾಯಿ ತೆರೆದಿದ್ದಳು ಅಷ್ಟೇ, ಅವರು ಕನ್ನಡಕ ಒರೆಸುತ್ತಾ, ನೋಡಮ್ಮಾ, ಅವರು ಕೇಳಿರೋದು ಎಷ್ಟು ಇವೆ ಅಂತ, ಓಡ್ತಾವಾ ಅಂತ ಕೇಳಿದಾರಾ, ಕೇಳದೇ ಇರೋದಕ್ಕೆ ಉತ್ತರ ಕೊಡೋದು ಅಧಿಕಪ್ರಸಂಗ — ನಕ್ಕರು, ಅವಳೂ ನಕ್ಕಳು, ಯಾಕೆ ನಕ್ಕಳು, ಆ ನಗು ಇನ್ನೂ ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ನಾರಿನ ಹಾಗೆ.

ಆರನೆಯ ಪ್ರಶ್ನೆ ಕೇಳಬೇಕಾದವರು ಬಂದೇ ಇಲ್ಲ. ಸಭಾಧ್ಯಕ್ಷರು ಹೆಸರು ಕರೆದರು, ಮತ್ತೊಮ್ಮೆ ಕರೆದರು, ಖಾಲಿ ಕುರ್ಚಿ, ಏಳನೆಯದು ಅಂದುಬಿಟ್ಟರು, ಅಷ್ಟು ಸಲೀಸಾಗಿ, ನಿರ್ದೇಶಕರ ಪಾದ ನಿಂತಿತು. ಎದುರು ಸಾಲಿನ ಕೊನೆಯಲ್ಲಿ ಎದ್ದು ನಿಂತವರನ್ನು ಸದನದಲ್ಲಿ ಎಲ್ಲರೂ ಕಂಡಕ್ಟರ್ ಅಂತಲೇ ಕರೆಯುವುದು, ಆಡಳಿತದವರು ತಮಾಷೆಗೆ, ಅವರ ಕಡೆಯವರು ಪ್ರೀತಿಗೆ, ಇಪ್ಪತ್ತೆರಡು ವರ್ಷ ಬಸ್ಸಿನಲ್ಲಿ ಚೀಟಿ ಹರಿದವರು, ಈಗಲೂ ನಿಲ್ಲುವಾಗ ಒಂದು ಕೈ ಮುಂದಿನ ಬೆಂಚು ಹಿಡಿದಿರುತ್ತದೆ, ನೆಲ ಎಲ್ಲಿ ಜೋಲಿ ಹೊಡೆದೀತೋ ಎನ್ನುವ ಹಾಗೆ. ಸಚಿವರು ಎದ್ದರು, ಅವಳ ವಾಕ್ಯವನ್ನು ಓದಿದರು, ಅವಳದ್ದಲ್ಲ, ಹಸಿರು ಶಾಯಿಯದ್ದನ್ನು, ನಲವತ್ತೆರಡು ಆಂಬುಲೆನ್ಸುಗಳು ಲಭ್ಯವಿವೆ, ಒಳ್ಳೆ ಕಂಠ, ಓದಿ ಕೂತರು. ಕಂಡಕ್ಟರ್ ಕೂರಲಿಲ್ಲ. ಮಾನ್ಯ ಸಭಾಧ್ಯಕ್ಷರೇ, ನಂದೊಂದು ಉಪಪ್ರಶ್ನೆ, ಲಭ್ಯ ಅಂದ್ರೆ ಏನು ಅಂತ ಸಚಿವರು ಹೇಳ್ಬೇಕು, ಬಸ್ಸಲ್ಲಿ ಸೀಟು ಇದೆ ಅಂದ್ರೆ ಸಾಲಲ್ಲ ಸ್ವಾಮಿ, ಬಸ್ಸು ಬರ್ಬೇಕಲ್ಲ — ಎರಡೂ ಕಡೆ ನಗು, ಸಚಿವರೂ ನಕ್ಕರು, ಅವಳು ಮಾತ್ರ ಫೈಲಿನ ದಾರವನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಾಳೆ, ಯಾಕೆಂದರೆ ಮುಂದಿನ ಮಾತು ಏನು ಅಂತ ಅವಳಿಗೆ ಗೊತ್ತು. ಹೋದ ತಿಂಗಳು ನನ್ನ ಕ್ಷೇತ್ರದಲ್ಲಿ ಒಬ್ಬ ಸೈಕಲ್ ಅಂಗಡಿಯವನಿಗೆ ಎದೆನೋವು ಬಂತು, ಫೋನ್ ಮಾಡಿದ್ರೆ ಗಾಡಿ ಹೊರಟಿದೆ ಅಂದ್ರು, ಒಂದು ಗಂಟೆ ಹತ್ತು ನಿಮಿಷ ಹೊರಟೇ ಇತ್ತು, ಕೊನೆಗೆ ಹಾಲಿನ ವ್ಯಾನಲ್ಲಿ ತಗೊಂಡು ಹೋದ್ರು, ಹಾಲಿನವನು ಹದಿನಾರು ಕ್ಯಾನು ರಸ್ತೇಲಿ ಇಳಿಸಿಟ್ಟು ಜಾಗ ಮಾಡಿಕೊಟ್ಟ, ಆಸ್ಪತ್ರೆ ಗೇಟಿನ ಹತ್ರ ಉಸಿರು ಹೋಯ್ತು. ಸ್ಟ್ರೆಚರ್ ಮಾತ್ರ ಸರ್ಕಾರದ್ದು ಸಭಾಧ್ಯಕ್ಷರೇ, ಗಾಡಿ ಹಾಲಿನವನದ್ದು. ಈಗ ಯಾರೂ ನಗಲಿಲ್ಲ. ನಿರ್ದೇಶಕರು ತುಟಿ ಅಲ್ಲಾಡಿಸದೆ, ಆ ಸ್ಟ್ರೆಚರ್ ಕೊಟ್ಟವನು ಯಾರು ಅಂತ ಹುಡುಕಿಸ್ಬೇಕು ಅಂದರು, ಅವಳ ಕಿವಿಯ ಪಕ್ಕದಲ್ಲೇ.

ಹುಡುಕಿಸುವುದೇನು ಬಂತು, ಅವಳ ಮೈದುನನೇ, ಗಂಡನ ತಮ್ಮ, ಮನೆಯಲ್ಲಿ ಎಲ್ಲರ ಬಾಯಲ್ಲೂ ಹಾರ್ನ್, ಪಿಸುಮಾತು ಅಂತ ಶುರು ಮಾಡಿದರೂ ಪಕ್ಕದ ಮನೆಗೆ ಕೇಳುವಂಥ ದನಿ, ಆಂಬುಲೆನ್ಸ್ ಡ್ರೈವರು. ಅವನ ಗಾಡಿ ಆ ಊರಿನ ಆರೋಗ್ಯ ಕೇಂದ್ರದ ಅಂಗಳದಲ್ಲಿ ಇಟ್ಟಿಗೆ ಮೇಲೆ ನಿಂತಿದೆ, ನಾಲ್ಕು ಚಕ್ರವೂ ಇಲ್ಲ, ಅತ್ತಿಗೆ, ನನ್ನ ಗಾಡಿಗೆ ಈಗ ಒಂಬತ್ತು ತಿಂಗಳು ತುಂಬ್ತು, ಇನ್ನೇನು ಹೆರಿಗೆ ಆಗ್ಬೇಕು, ಮರಿ ಗಾಡಿ ಬಂದ್ರೆ ನಿಮ್ಗೇ ಮೊದಲು ಹೇಳ್ತೀನಿ ಅನ್ನುತ್ತಿದ್ದ, ತಟ್ಟೆ ಮುಂದೆ ಕೂತು ನಗಿಸುತ್ತಿದ್ದ, ದಿನಾ ಎಂಟು ಗಂಟೆಗೆ ಹೋಗಿ ಪುಸ್ತಕದಲ್ಲಿ ಸಹಿ ಹಾಕಿ ಸ್ಟೇರಿಂಗ್ ಮುಂದೆ ಕೂರುತ್ತಾನೆ, ಅವನ ಸಹಿ ಬಿದ್ದರೆ ಸಾಕು ಕಂಟ್ರೋಲ್ ರೂಮಿನ ಪರದೆಯ ಮೇಲೆ ಆ ಗಾಡಿ ಲಭ್ಯ. ಆವತ್ತು ಮಾತ್ರ ನಗಿಸಲಿಲ್ಲ. ಕೈ ತೊಳೆಯದೆ ಕೂತಿದ್ದ, ಅನ್ನ ಒಣಗಿತ್ತು ಬೆರಳಲ್ಲಿ. ಅತ್ತಿಗೆ, ಕಂಟ್ರೋಲ್ ರೂಮಿಂದ ನಂಗೇ ಫೋನ್ ಬಂತು, ನಿಮ್ಮದೇ ಹತ್ತಿರದ ಗಾಡಿ, ಹೊರಡಿ ಅಂದ್ರು, ಮೇಡಂ ಗಾಡಿಗೆ ಚಕ್ರ ಇಲ್ಲ ಅಂದೆ, ಹಾಗಾದ್ರೆ ಬೇರೆ ಕಳಿಸೋವರೆಗೆ ಹೊರಟಿದೆ ಅಂತ ಹೇಳಿರಿ ಅಂದ್ರು, ಆ ಅಂಗಡಿ ನಮ್ಮ ಗೇಟಿಂದ ಎರಡು ರಸ್ತೆ ಅತ್ತಿಗೆ, ಕಾಣುತ್ತೆ, ನಾನು ಸ್ಟ್ರೆಚರ್ ಬಿಚ್ಚಿಕೊಂಡು ಓಡಿದೆ, ತಲೆ ಮೇಲೆ ಹೊತ್ಕೊಂಡು ಓಡಿದೆ, ಜನ ನೋಡ್ತಾ ಇದ್ರು, ಹಾಲಿನ ವ್ಯಾನಿಗೆ ಅಡ್ಡ ನಿಂತೆ. ಅವನ ಅಣ್ಣ, ಅವಳ ಗಂಡ, ಸುಮ್ನಿರೋ, ಇದನ್ನ ಎಲ್ಲೂ ಬಾಯಿ ಬಿಡ್ಬೇಡ, ನಿಮ್ಮ ಅತ್ತಿಗೆ ಇರೋದೂ ಅದೇ ಇಲಾಖೆ ಎಂದಿದ್ದ. ಅವಳು ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದಳು. ಮರುವಾರವೇ ಕಂಡಕ್ಟರರ ಪ್ರಶ್ನೆ, ತಮ್ಮ ಜಿಲ್ಲೆಯಲ್ಲಿ ಆಂಬುಲೆನ್ಸ್ ಎಷ್ಟಿವೆ ಎಂದು, ಇಲಾಖೆಗೆ ಬಂತು, ಹದಿನೈದು ದಿನದ ಗಡುವು, ಅವಳದೇ ಮೇಜಿಗೆ ಬಂತು, ಅವಳು ಒಂದೊಂದು ಆರೋಗ್ಯ ಕೇಂದ್ರಕ್ಕೂ ಫೋನ್ ಮಾಡಿ ಓಡುವುದೆಷ್ಟು ನಿಂತಿದ್ದೆಷ್ಟು ಅಂತ ಬರೆದುಕೊಂಡಳು, ನಿಂತ ಇಪ್ಪತ್ತಮೂರರಲ್ಲಿ ಒಂದನ್ನು ಬರೆಯುವಾಗ ಪೆನ್ನು ಒತ್ತಿ ಹಾಳೆ ತೂತಾಯಿತು.

ಎಷ್ಟು ಓಡ್ತಾ ಇವೆ, ಒಂದೇ ಒಂದು ನಂಬರು, ಅಷ್ಟು ಹೇಳಿ ಸಾಕು ಎಂದು ಕಂಡಕ್ಟರ್ ಬೆಂಚು ಹಿಡಿದೇ ನಿಂತಿದ್ದಾರೆ. ಸಚಿವರು ಎದ್ದಿದ್ದಾರೆ, ಮುಖ ಸಭಾಧ್ಯಕ್ಷರ ಕಡೆಗೆ, ತುಟಿಯ ಮೇಲೆ ಸಣ್ಣ ನಗು ಹಾಗೇ ಇದೆ, ಆದರೆ ಬಲಗೈ ಬೆನ್ನ ಹಿಂದೆ ಬಂದಿದೆ, ಗ್ಯಾಲರಿಯ ಕಡೆಗೆ, ಅಂಗೈ ಮೇಲೆ ಮಾಡಿ, ಬೆರಳು ಬಿಚ್ಚಿ. ಚೀಟಿ ಬೇಕು. ಬರೀರಿ, ಮಾಹಿತಿ ಸಂಗ್ರಹಿಸಲಾಗುತ್ತಿದೆ, ಬೇಗ ಬರೀರಿ, ಏನ್ರೀ ನೋಡ್ತಾ ಇದೀರಾ ಎಂದರು ನಿರ್ದೇಶಕರು, ಅವಳು ಬರೆದಳು, ಕೈ ತಾನಾಗಿ ಬರೆಯಿತು, ಹತ್ತೊಂಬತ್ತು ವರ್ಷ ಇದನ್ನೇ ಬರೆದ ಕೈ, ಸದನದ ಜವಾನರು, ನರೆತ ಮೀಸೆಯವರು, ಮೂರು ಹೆಜ್ಜೆ ಹೋಗಿ ಚೀಟಿಯನ್ನು ಆ ಅಂಗೈಯಲ್ಲಿಟ್ಟರು, ಅಂಗೈ ಮುಚ್ಚಿತು. ಮಾಹಿತಿ ಸಂಗ್ರಹಿಸಲಾಗುತ್ತಿದೆ ಎಂದರು ಸಚಿವರು. ಸಂಗ್ರಹಿಸೋಕೆ ಅದೇನು ಕಾಡಲ್ಲಿ ಬಿದ್ದಿದೆಯಾ ಸಭಾಧ್ಯಕ್ಷರೇ, ಹದಿನೈದು ದಿನ ಆಯ್ತು ಪ್ರಶ್ನೆ ಕೊಟ್ಟು, ನನ್ನ ಬಸ್ಸಲ್ಲಿ ಐವತ್ತು ಜನ ಇದ್ರು ಅಂದ್ರೆ ನಾನು ಮುಂದಿನ ಸ್ಟಾಪ್ ಬರೋದ್ರೊಳಗೆ ಎಣಿಸಿ ಹೇಳ್ತಿದ್ದೆ, ಇವರಿಗೆ ನಲವತ್ತೆರಡು ಎಣಿಸೋಕೆ ಆಗಲ್ವಾ, ಆ ಮನುಷ್ಯನ ಹೆಂಡ್ತಿ ನಂಗೆ ಒಂದೇ ಮಾತು ಕೇಳಿದ್ದು, ಹೊರಟಿದ್ದ ಗಾಡಿ ಎಲ್ಲಿ ಹೋಯ್ತು ಅಂತ, ನಾನು ಏನು ಹೇಳ್ಲಿ. ಆಡಳಿತದವರ ಕಡೆಯಿಂದ ಯಾರೋ ಕೂತ್ಕೊಳ್ರೀ ಎಂದು ಕೂಗಿದರು, ವಿರೋಧದವರು ಹತ್ತು ಜನ ಎದ್ದರು, ಸಭಾಧ್ಯಕ್ಷರು ಸುತ್ತಿಗೆ ಕುಟ್ಟಿದರು, ಗಡಿಯಾರ ನೋಡಿದರು, ಇನ್ನು ನಾಲ್ಕು ನಿಮಿಷ, ದಾಟಿಸಿಬಿಡಿ, ಮುಂದಿನದು ಅಂದುಬಿಡಿ, ದಮ್ಮಯ್ಯ — ಅನ್ನಲಿಲ್ಲ ಅವರು. ಸಚಿವರೇ, ಸದಸ್ಯರು ಕೇಳೋದರಲ್ಲಿ ತಪ್ಪಿಲ್ಲ, ಸಂಖ್ಯೆ ಹೇಳಿ, ನಾನು ಕಾಯ್ತೀನಿ ಅಂದರು. ಮತ್ತೆ ಬಂತು ಆ ಕೈ. ಬೆನ್ನ ಹಿಂದೆ, ಅಂಗೈ ಮೇಲೆ ಮಾಡಿ. ಈ ಸಲ ಅವಳು ಸರಿಯಾಗಿ ನೋಡಿದಳು, ನೋಡದೆ ಇರಲಾಗಲಿಲ್ಲ, ಅಂಗೈ ತುಂಬಾ ಬೆವರು, ಕಿರುಬೆರಳು ನಡುಗುತ್ತಿದೆ, ಮುಂದುಗಡೆ ನಗುಮುಖ, ಹಿಂದುಗಡೆ ಕಿರುಬೆರಳು ಒಂದೇ ಸಮ ನಡುಗುತ್ತಿದೆ, ಇವರಿಗೂ ಭಯವೇ, ಅಯ್ಯೋ, ಇವರಿಗೂ ಗೊತ್ತಿಲ್ಲವೇ, ಒಬ್ಬ ಹಳೇ ಕಂಡಕ್ಟರ್ ಎದುರು ನಿಂತು ಒಂದು ನಂಬರು ಕೇಳಿದರೆ ಇಷ್ಟು ದೊಡ್ಡ ಮನುಷ್ಯನ ಬೆರಳು ಹೀಗೆ — ಅದೇ ಬರೀರಿ, ಒಂದು ವಾರದಲ್ಲಿ ಸಲ್ಲಿಸ್ತೀವಿ ಅಂತ ಬರೀರಿ ಎಂದು ನಿರ್ದೇಶಕರು ಅವಳ ಮೊಣಕೈ ತಿವಿಯುತ್ತಿದ್ದಾರೆ, ಅವಳು ಬರೆದದ್ದು ಹತ್ತೊಂಬತ್ತು. ಅಂಕಿಯಲ್ಲಿ ಬರೆದು, ತಪ್ಪಿ ಬೇರೆ ಓದಬಾರದು ಎಂದು ಪಕ್ಕದಲ್ಲಿ ಅಕ್ಷರದಲ್ಲೂ ಬರೆದಳು, ಕಚೇರಿಯ ಅಭ್ಯಾಸ. ನಿರ್ದೇಶಕರ ಕೈ ಚಾಚಿ ಬಂದು ಪ್ಯಾಡಿನ ಮೇಲೆ ಬಿದ್ದಾಗ ಮೇಲಿನ ಹಾಳೆ ಇರಲಿಲ್ಲ, ಜವಾನರು ಎರಡನೆಯ ಹೆಜ್ಜೆಯಲ್ಲಿದ್ದರು. ಹತ್ತೊಂಬತ್ತು ಎಂದರು ಸಚಿವರು, ಅದೇ ಒಳ್ಳೆ ಕಂಠದಲ್ಲಿ, ಅಂದ ಮೇಲೆ ಅವರಿಗೇ ಕೇಳಿಸಿತು.

ಆಮೇಲಿನದೆಲ್ಲ ನೀರಿನೊಳಗಿಂದ ಕೇಳಿದ ಹಾಗೆ, ಕೂಗು, ಮೇಜು ಗುದ್ದುವುದು, ಉಳಿದ ಇಪ್ಪತ್ತಮೂರು ಎಲ್ಲಿ ಎಲ್ಲಿ ಎಂಬ ಗದ್ದಲ, ಸಚಿವರು ಕರವಸ್ತ್ರದಿಂದ ಕತ್ತು ಒರೆಸಿಕೊಂಡು ಮೂವತ್ತು ದಿನದಲ್ಲಿ ಅಷ್ಟನ್ನೂ ರಸ್ತೆಗೆ ಇಳಿಸ್ತೀನಿ ಅಂದದ್ದು, ಕಂಡಕ್ಟರ್ ಬಿಡದೆ ಅದನ್ನ ಭರವಸೆ ಅಂತ ಬರ್ಕೊಳ್ಳಿ ಎಂದದ್ದು, ಸಭಾಧ್ಯಕ್ಷರು ಬರೆದುಕೊಳ್ಳಲಾಗಿದೆ, ಭರವಸೆಗಳ ಸಮಿತಿ ಮೂವತ್ತೊಂದನೇ ದಿನ ಲೆಕ್ಕ ಕೇಳುತ್ತೆ ಎಂದು ಸುತ್ತಿಗೆ ಕುಟ್ಟಿದ್ದು, ಹನ್ನೆರಡು ಹೊಡೆದದ್ದು. ಮೊಗಸಾಲೆಯಲ್ಲಿ ನಿರ್ದೇಶಕರು ಸಿಡುಕಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು, ನಿಮ್ಮ ಅಕ್ಷರ ಬಹಳ ಸ್ಪಷ್ಟ ಕಣಮ್ಮಾ, ದೂರದಿಂದಲೂ ಓದಬಹುದು ಎಂದು ಹೇಳಿ ಹೋದರು. ಸಚಿವರು ಹಿಂಬಾಲಕರ ನಡುವೆ ದಾಟಿದರು, ಅವಳನ್ನು ನೋಡಿದರೋ ಇಲ್ಲವೋ, ಕೈ ಜೇಬಿನಲ್ಲಿತ್ತು. ನಾಲ್ಕು ಗಂಟೆಗೆ ಹಾರ್ನ್ ಫೋನ್ ಮಾಡಿದ, ಕಿವಿಯಿಂದ ದೂರ ಹಿಡಿಯಬೇಕಾಯಿತು, ಅತ್ತಿಗೆ, ಇಬ್ರು ಬಂದು ಚಕ್ರದ ಅಳತೆ ತಗೊಂಡು ಹೋದ್ರು ಅತ್ತಿಗೆ, ಒಂಬತ್ತು ತಿಂಗಳಿಂದ ಬರ್ದೇ ಇದ್ದೋರು, ಏನಾಯ್ತು ಅಲ್ಲಿ, ಟಿವೀಲಿ ಬರೀ ಗಲಾಟೆ ತೋರಿಸ್ತಾ ಇದಾರೆ, ಆಮೇಲೆ ದನಿ ತಗ್ಗಿಸಲು ನೋಡಿ, ಸ್ಟ್ರೆಚರ್ ಬಗ್ಗೆನೂ ಕೇಳಿದ್ರು, ನಾನೇ ಬಿಚ್ಚಿದ್ದು ಅಂತ ಬರ್ಕೊಟ್ಟೆ, ಸುಳ್ಳು ಹೇಳೋಕೆ ಬರ್ಲಿಲ್ಲ. ಒಳ್ಳೇದು ಮಾಡ್ದೆ ಕಣೋ ಅಂದಳು, ಅಂದದ್ದು ನಿಜವೋ ಧೈರ್ಯಕ್ಕೋ. ನಾಲ್ಕೂವರೆಗೆ ಅವಳ ಮೇಜಿಗೆ ಕಂದು ಲಕೋಟೆ ಬಂತು, ಕಾರಣ ಕೇಳುವ ನೋಟಿಸು, ಮೇಲಧಿಕಾರಿಯ ಸೂಚನೆಯನ್ನು ಮೀರಿ ಸದನಕ್ಕೆ ಮಾಹಿತಿ ನೀಡಿದ್ದು ಏಕೆ, ಮೂರು ದಿನದೊಳಗೆ ಲಿಖಿತ ವಿವರಣೆ, ಕೆಳಗೆ ಹಸಿರು ಶಾಯಿ. ಗಂಡನಿಗೆ ಫೋನ್ ಮಾಡಬೇಕು, ಆಮೇಲೆ, ಮನೆಗೆ ಹೋದ ಮೇಲೆ ಹೇಳಿದರಾಯಿತು, ಎತ್ತಂಗಡಿ ಆದರೆ ಮಗಳ ಶಾಲೆ ಅರ್ಧ ವರ್ಷಕ್ಕೆ, ಆಗಲಿ, ನೋಡೋಣ, ಬಿಳಿ ಹಾಳೆ ಎಳೆದುಕೊಂಡಳು, ಇದಕ್ಕೆಲ್ಲ ಒಂದು ಮಾದರಿ ಇದೆ, ಅವಳೇ ಎಷ್ಟೋ ಜನರಿಗೆ ಬರೆದುಕೊಟ್ಟಿದ್ದಾಳೆ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಗಡಿಬಿಡಿಯಲ್ಲಿ, ಕಣ್ತಪ್ಪಿನಿಂದ, ಮುಂದೆ ಹೀಗಾಗದಂತೆ — ಕಣ್ತಪ್ಪು ಅಲ್ಲ. ಗಡಿಬಿಡಿಯೂ ಅಲ್ಲ. ಸದರಿ ದಿನದಂದು ಉಪಪ್ರಶ್ನೆಯ ಸಂದರ್ಭದಲ್ಲಿ ಎಂದು ಬರೆದಳು, ಪೆನ್ನು ನಿಂತಿತು, ಸಂದರ್ಭದಲ್ಲಿ ಏನು, ಏನಾಯಿತು, ಏಕೆ ಬರೆದೆ ಅಂದರೆ ಏನು ಹೇಳುವುದು, ಆ ಕೈ ಬಂತು, ಬೆನ್ನ ಹಿಂದೆ, ಅಂಗೈ ಮೇಲೆ, ಮತ್ತೆ ಮೊದಲಿಂದ, ಸದರಿ ದಿನದಂದು, ಆ ಕೈ, ಬೆವರಿದ ಅಂಗೈ, ಖಾಲಿ, ಕಿರುಬೆರಳು, ನಡುಗುತ್ತಾ, ಕೇಳುತ್ತಾ —